ಸ್ಥೂಲವೂ ಸೂಕ್ಷ್ಮವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಎರಡಕ್ಕೆ ಮಾತ್ರ ಮಳೆಯಾಯಿತೆಂದು ಭಾವಿಸಿದರೆ, ಆ ಒಂದು ಮಾತು 6 ಬಗೆಗಳಲ್ಲಿ ನಿಜವಾಗಬಲ್ಲುದು. ನಾಲ್ಕಕ್ಕೂ ಆಯಿತೆಂಬ ಮಾತಾದರೋ ಒಂದೇ ಬಗೆಯಲ್ಲಿ ನಿಜ. ಎಷ್ಟಕ್ಕೆ ಎಂಬ ಮೊತ್ತವು ಸ್ಥೂಲಸ್ಥಿತಿ. ಯಾವ ಯಾವುದಕ್ಕೆ ಎಂಬ ವಿವರವು ಸೂಕ್ಷ್ಮಸ್ಥಿತಿ.

ಆಸ್ಟ್ರಿಯ ದೇಶದ ಬೋಲ್ಟ್ಸ್‌ಮನ್ (1844–1906) ಎಂಬ ಪಂಡಿತನು ಅಣುಗಳ ವಿನ್ಯಾಸಗಳನ್ನು ಈ ರೀತಿಯಲ್ಲಿಯೇ ಎಣಿಸಿದನು. ಹೆಚ್ಚು ಬಗೆಗಳನ್ನು ಒಳಗೊಂಡ ಸ್ಥಿತಿಯತ್ತಲೇ ಪದಾರ್ಥಗಳು ಸಾಗುವುವು. ಬಿಸಿನೀರು ತಾನಾಗಿ ಆರುವುದೂ, ಆರಿದ ನೀರು ತಾನಾಗಿ ಕಾಯದಿರುವುದೂ ಇದರಿಂದಲೇ. ಇಲ್ಲಿ ವಿವರವನ್ನು ಮರೆತರೆ ದೋಷವಿಲ್ಲ. ಕಬಿನಿ ಜಲಾಶಯವು 2284 ಅಡಿಯವರೆಗೆ ತುಂಬಿತೆಂದಾಗ, ಯಾವ ಹನಿ ಎಲ್ಲಿದೆಯೆಂದು ಯಾರೂ ಕೇಳರು. ಕೇಳದಿದ್ದುದರಿಂದ ಹನಿಗೆ ಅನ್ಯಾಯವಾಗದು.

ಮನುಷ್ಯರ ವಿಷಯ ಹಾಗಲ್ಲ. ‘ಜಿಲ್ಲೆಯಲ್ಲಿ ವಾಡಿಕೆಯಷ್ಟು ಮಳೆಯಾಗಿದೆ’ ಎಂಬ ವರದಿ ಸುಳ್ಳಲ್ಲದಿರಬಹುದು. ಆದರೆ ಕೋಟೆಯ ಸೀಮೆಯಲ್ಲಿ ರಾಗಿಯ ಪೈರು ಒಣಗಿದವನಿಗೆ ಅದರಿಂದ ಬಂದ ಭಾಗ್ಯವೇನು? ಹನಿಗೆ ಹನಿ ಸಮ. ಒಬ್ಬನ ಹಸಿವಿಗೆ ಇನ್ನೊಬ್ಬನ ಊಟ ಸಮವಲ್ಲ.

ಮೊತ್ತವಿಲ್ಲದೆ ರಾಜ್ಯಭಾರ ನಡೆಯದು, ನಿಜ. ಆದರೂ ಮೊತ್ತವನ್ನು ಕಂಡು ತೃಪ್ತಿಪಡುವ ಮುನ್ನ ‘ಆ ಆರರಲ್ಲಿ ಇದು ಯಾವುದು?’ ಎಂದು ವಿಚಾರಿಸುವುದೇ ಆಳುವವರ ಧರ್ಮ.