ಎಡಗಿವಿ ಏಳದ ಬೆಳಗು

ಬಲಮಗ್ಗುಲಾಗಿ ಮಲಗಿದ್ದ ಚಿಕ್ಕಮ್ಮನಿಗೆ ಅವತ್ತು ಹಾಲಿನವನ ಬೆಲ್ಲು ಕೇಳಲೇ ಇಲ್ಲ. ಎದ್ದು ಕೂತ ಮೇಲೆ ಕುಕ್ಕರ್ ಸೀಟಿ, ಪಕ್ಕದ ಮನೆಯ ಸುಪ್ರಭಾತ ಎಲ್ಲ ಕೇಳಿದವು. ಆದರೆ ಎಲ್ಲವೂ ಬಲಗಡೆಯಿಂದಲೇ. ಎಡಗಿವಿಯಲ್ಲಿ ಬರೀ ಗುಂಯ್ ಎಂಬ ಸದ್ದು. “ಹೋದ ವಾರದ ಶೀತ ಕಣೋ, ಕಿವಿ ಕಟ್ಟಿದೆ. ಎರಡು ತೊಟ್ಟು ಎಣ್ಣೆ ಬಿಟ್ಟರೆ ಸರಿಹೋಗತ್ತೆ” ಅಂದಳು. ನಾನೂ ಹೂಂ ಅಂದೆ. ಹೂಂ ಅಂದುಕೊಂಡೇ ಹತ್ತು ದಿನ ಕಳೆದೆವು.

ಹಲ್ಲುನೋವಾಗಿದ್ದರೆ ನಡುರಾತ್ರಿಯೇ ಆಟೋ ಹಿಡಿಯುತ್ತಿದ್ದೆವು. ನೋಯದಿದ್ದರೆ ನಮ್ಮಲ್ಲಿ ಕಾಯಿಲೆಗೂ ಮರ್ಯಾದೆ ಇಲ್ಲ.

ಕಿವಿಯ ಒಳಗಿರುವುದು ಬಟಾಣಿ ಗಾತ್ರದ, ಎರಡೂವರೆ ಸುತ್ತಿನ ಒಂದು ಬಸವನಹುಳುವಿನ ಚಿಪ್ಪು. ಅದರಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ರೋಮಕೋಶಗಳು. ಹುಟ್ಟುವಾಗ ತಂದದ್ದೇ ಬುತ್ತಿ. ಸತ್ತರೆ ಮತ್ತೆ ಚಿಗುರುವುದಿಲ್ಲ. ಮಂಗನಬಾವಿನ ವೈರಸ್ ಮಕ್ಕಳ ಒಂದು ಕಿವಿಯನ್ನು ಸದ್ದಿಲ್ಲದೆ ಕೊಂಡೊಯ್ಯಬಲ್ಲದು. ಎಷ್ಟೋ ಸಲ ಅದು ಗೊತ್ತಾಗುವುದು ಫೋನನ್ನು ಆ ಕಿವಿಗೆ ಹಿಡಿದ ದಿನವೇ. 2024ರ ಜೂನ್‌ನಲ್ಲಿ ಗಾಯಕಿ ಅಲ್ಕಾ ಯಾಜ್ಞಿಕ್, ವಿಮಾನದಿಂದ ಇಳಿದು ಬರುವಾಗ ಏಕಾಏಕಿ ಏನೂ ಕೇಳಿಸದಂತಾಯಿತೆಂದು ತಿಳಿಸಿದರು. ಅವರ ವೈದ್ಯರು ಬೊಟ್ಟು ಮಾಡಿದ್ದೂ ವೈರಸ್‌ನತ್ತಲೇ. ಹಾಗೆಂದು ಎಲ್ಲ ಸಲವೂ ಕಳ್ಳ ಸಿಗುವುದಿಲ್ಲ. ಬಹುಪಾಲು ಮಂದಿಯಲ್ಲಿ ವೈರಸ್ಸೋ, ರಕ್ತ ಹರಿಯುವುದು ನಿಂತಿತೋ, ಕೊನೆಗೂ ಪತ್ತೆಯಾಗುವುದಿಲ್ಲ. ಚಿಕ್ಕಮ್ಮನ ಶೀತದ ಮೇಲೂ ಇರುವುದು ಅನುಮಾನವಷ್ಟೇ.

ಹತ್ತು ದಿನ ಕಳೆದ ಮೇಲೆ ಹೋದಾಗ ಡಾಕ್ಟರು ಶ್ರುತಿಕವೆಯನ್ನು ಮೊಣಕೈಗೆ ತಟ್ಟಿ ಅವಳ ಹಣೆಯ ನಡುವೆ ಇಟ್ಟರು. “ಎಲ್ಲಿ ಕೇಳತ್ತಮ್ಮಾ?” ಅವಳ ಬೆರಳು ಬಲಗಿವಿಯತ್ತ ಹೋಯಿತು. ಗುಗ್ಗೆ ಕಟ್ಟಿದ್ದರೆ ದನಿ ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳುತ್ತದಂತೆ. ಒಳಗಿವಿಗೋ ನರಕ್ಕೋ ಪೆಟ್ಟು ಬಿದ್ದಿದ್ದರೆ ಒಳ್ಳೆಯ ಕಿವಿಯ ಕಡೆಗೆ ವಾಲುತ್ತದೆ. ಬಾಯಿ ಮುಚ್ಚಿ ಮ್‌ಮ್ ಎಂದು ಗುನುಗಿದರೂ ಸುಮಾರಾಗಿ ಹೀಗೇ. ಆ ಹತ್ತು ದಿನ ಅವಳು ಅಡುಗೆಮನೆಯಲ್ಲಿ ದೇವರನಾಮ ಗುನುಗುತ್ತಲೇ ಇದ್ದಳು. ಯಾವ ಕಿವಿಯಲ್ಲಿ ಕೇಳುತ್ತಿದೆ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಸ್ಟೀರಾಯ್ಡ್ ಮಾತ್ರೆ ಶುರುವಾಯಿತು. ಅದು ಹೆಚ್ಚು ಕೆಲಸ ಮಾಡುವುದು ಮೊದಲ ಎರಡು ವಾರಗಳಲ್ಲಿ. ಅದರಲ್ಲೂ ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಕೆಲವರಿಗೆ ತಾನಾಗಿಯೇ ಕಿವಿ ಮರಳುವುದೂ ಉಂಟು. ಚಿಕ್ಕಮ್ಮನಿಗೆ ಅರ್ಧದಷ್ಟು ಮರಳಿದೆ. ಈಗ ಮಾತಾಡುವಾಗ ಅವಳ ಬಲಕ್ಕೆ ಕೂರುತ್ತೇನೆ.

ಒಂದು ಬೆಳಗ್ಗೆ ನಿಮಗೂ ಒಂದೇ ಕಿವಿ ಕಟ್ಟಿದಂತಾದರೆ ಎಣ್ಣೆ ಬಟ್ಟಲನ್ನು ಮುಟ್ಟಬೇಡಿ. ಅಂದೇ ಕಿವಿ ವೈದ್ಯರ ಬಳಿ ಹೋಗಿ.