ಕರಿಮಾಯಿಯ ಎದುರು ಕೂಡುವ ಊರು

ಊರು ನಂಬಿದ ದೇವಿ, ಆ ಊರಿನ ಬದುಕೇ ಮುರಿದಾಗ ಉಳಿಯುತ್ತಾಳೆಯೇ? ಚಂದ್ರಶೇಖರ ಕಂಬಾರರ ಕಾದಂಬರಿ, ನಾಟಕಗಳು ಮತ್ತೆ ಮತ್ತೆ ಮರಳುವುದು ಈ ಪ್ರಶ್ನೆಗೆ.

ಕಂಬಾರರು ಹುಟ್ಟಿದ್ದು 1937ರಲ್ಲಿ, ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಸಂಶೋಧನೆ ಮಾಡಿದರು, ಶಿಕಾಗೋದಲ್ಲೂ ಬೆಂಗಳೂರಿನಲ್ಲೂ ಪಾಠ ಹೇಳಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 2010ನೇ ಸಾಲಿನ ಜ್ಞಾನಪೀಠ ಅವರಿಗೆ ಸಂದಿತು. ಎಲ್ಲಿಗೆ ಹೋದರೂ ಅವರ ಕಥೆಗಳು ಬಹುಮಟ್ಟಿಗೆ ನಡೆಯುವುದು ಶಿವಾಪುರವೆಂಬ ಒಂದೇ ಊರಿನಲ್ಲಿ.

ಭಾದ್ರಪದದಲ್ಲಿ ಹುಟ್ಟಿ ಏಳೇ ದಿನ ಬದುಕುವ ದೇವರು ಜೋಕುಮಾರ. ಹೆಂಗಸರು ಅವನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುತ್ತಾರೆ; ಅವನು ಸತ್ತರೆ ಮಳೆ, ಮಳೆಯಿಂದ ಬೆಳೆ. 1972ರ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಮಕ್ಕಳಿಲ್ಲದ ಗೌಡತಿ ಗಂಡನಿಗೆಂದು ಮಾಡಿದ ಪಡವಲಕಾಯಿ ಪಲ್ಯವನ್ನು ಉಣ್ಣುವವನು ಹೊಲ ಉಳುವ ಬಸಣ್ಣ. ನೆಲವೂ ಗರ್ಭವೂ ಫಲಿಸುವುದು ಅವನಿಂದಲೇ, ಕೊಲೆಯಾಗುವವನೂ ಅವನೇ. ಆಚರಣೆಯಲ್ಲಿ ದೇವರಿಗೆ ಬರುವ ಸಾವು ಇಲ್ಲಿ ರೈತನಿಗೆ ಬಂದಿದೆ. ಬಲಿ ಎಂದು ಕೈಮುಗಿದರೆ ಅನ್ಯಾಯ ಮರೆತಂತೆ. ಬರೀ ಕೊಲೆ ಎಂದರೆ ಮಳೆಯ ಅರ್ಥ ಕಳೆದುಕೊಂಡಂತೆ. ಕನ್ನಡ ರಂಗಭೂಮಿಯಲ್ಲಿ ಇಷ್ಟು ಧೈರ್ಯದ ಧರ್ಮಜಿಜ್ಞಾಸೆ ಅಪರೂಪ.

‘ಕರಿಮಾಯಿ’ ಕಾದಂಬರಿಯಲ್ಲಿ ಓದಿ ಬಂದ ಗುಡಸೀಕರ ಊರಿಗೆ ಚುನಾವಣೆಯ ರಾಜಕೀಯ ತರುತ್ತಾನೆ; ಗ್ರಾಮದೇವತೆ ಕರಿಮಾಯಿಯ ಎದುರು ಒಟ್ಟಾಗಿ ಕೂಡುತ್ತಿದ್ದ ಊರು ಒಡೆಯುತ್ತದೆ. ಕೊಡಗು-ಹಾಸನ ಗಡಿಯಲ್ಲಿ, ಕಾವೇರಿ ದಡದ ಶಿರಂಗಾಲದಲ್ಲಿ ಊರದೇವತೆ ಮಂಟಿಗಮ್ಮನ ಹಬ್ಬ ಕಂಡವರಿಗೆ ಇದರಿಂದಾಗುವ ನಷ್ಟವನ್ನು ಬಿಡಿಸಿ ಹೇಳಬೇಕಿಲ್ಲ: ಗ್ರಾಮದೇವತೆ ಒಬ್ಬೊಬ್ಬರ ಮನಸ್ಸಿನ ನಂಬಿಕೆಯಷ್ಟೇ ಅಲ್ಲ, ಊರು ಒಟ್ಟಾಗಿ ನಿಲ್ಲುವ ಬಗೆ. ಕರಿಮಾಯಿ ಇದ್ದಾಳೋ ಇಲ್ಲವೋ ಎಂಬ ವಾದಕ್ಕೆ ಕಾದಂಬರಿ ಇಳಿಯುವುದಿಲ್ಲ. ಅವಳ ಎದುರು ಕೂಡುತ್ತಿದ್ದ ಜನ ಏನಾದರು ಎಂದು ಕೇಳುತ್ತದೆ. ಹಳೆಯ ಕಟ್ಟಿನಲ್ಲಿ ಗೌಡಿಕೆಯ ದರ್ಪವೂ ಇತ್ತೆಂಬುದನ್ನು ‘ಜೋಕುಮಾರಸ್ವಾಮಿ’ ತೋರಿಸಿದ್ದರಿಂದ ಈ ಪ್ರಶ್ನೆ ಬರೀ ಹಳಹಳಿಕೆಯಾಗುವುದಿಲ್ಲ.

‘ಮಹಾಮಾಯಿ’ ನಾಟಕದಲ್ಲಿ ಪ್ರಶ್ನೆ ಊರಿನಿಂದ ಒಬ್ಬನೊಳಗೆ ಸರಿಯುತ್ತದೆ. ವೈದ್ಯ ಸಂಜೀವಶಿವ ಸಾವಿನ ದೇವಿಯ ಸಾಕುಮಗ. ರೋಗಿಯ ಬಳಿ ತಾಯಿ ನಿಂತ ಕಡೆ ನೋಡಿ ಉಳಿವು ಅಳಿವು ತಿಳಿಯಬಲ್ಲ. ಗ್ರಿಮ್ ಸೋದರರು ಸಂಗ್ರಹಿಸಿದ ಜರ್ಮನ್ ಕಥೆಯೊಂದರಲ್ಲೂ ಇಂಥ ವೈದ್ಯನಿದ್ದಾನೆ. ಅಲ್ಲಿ ಸಾವು ಧರ್ಮಪಿತ, ಇಲ್ಲಿ ತಾಯಿ. ಹಾಗಾಗಿ ಸಂಜೀವಶಿವನಿಗೆ ವಿಧಿಯನ್ನು ಮೀರುವುದೆಂದರೆ ಸಾಕಿ ಬೆಳೆಸಿದವಳ ಮಾತು ಮೀರುವುದು. ರಾಜಕುಮಾರಿಯ ಜೀವಕ್ಕಾಗಿ ಅವನು ಅದನ್ನೂ ಮೀರುತ್ತಾನೆ.