ನರಸೀಪುರದ ಆ ನೂರು ಕೇಂದ್ರಗಳು

ಮೈಸೂರಿನ ಜಯಲಕ್ಷ್ಮಿಪುರಂನ ಕಾಳಿದಾಸ ರಸ್ತೆಯಲ್ಲಿ ಬೆಳಗ್ಗೆ ಒಂಬತ್ತರ ಸುಮಾರಿಗೆ ನಿಂತರೆ, ಬೆನ್ನಿಗಿಂತ ಅಗಲದ ಚೀಲ ಹೊತ್ತ ಮೂರು ವರ್ಷದ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಪ್ಲೇಹೋಮಿಗೆ ಹೊರಟ ಅಪ್ಪಂದಿರು ಕಾಣುತ್ತಾರೆ. ಫೀಸಿನ ಮಾತೆತ್ತಿದರೆ ನಿಟ್ಟುಸಿರು. ಪುಟ್ಟ ಮಕ್ಕಳ ಶಿಕ್ಷಣವೆಂದರೆ ಇಷ್ಟೇ ಅಂದುಕೊಂಡ ನಮ್ಮಂಥ ಬಡಾವಣೆಯವರಿಗೆ, ಕರ್ನಾಟಕದ ಮೊದಲ ಅಂಗನವಾಡಿಗಳು ನಮ್ಮದೇ ಜಿಲ್ಲೆಯ ತಿ. ನರಸೀಪುರದಲ್ಲಿ ಬಾಗಿಲು ತೆರೆದವು ಎಂಬುದು ಹೆಚ್ಚಿಗೆ ಗೊತ್ತಿಲ್ಲ. ನರಸೀಪುರವೆಂದರೆ ಕುಂಭಮೇಳ, ತಲಕಾಡು, ಸೋಮನಾಥಪುರ. ಅಲ್ಲಿಗೆ ಮುಗಿಯಿತು.

1975ರ ಗಾಂಧಿ ಜಯಂತಿಯಂದು ದೇಶದ 33 ಕಡೆ ಪ್ರಯೋಗಕ್ಕೆಂದು ಶುರುವಾದದ್ದು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ. ನಮ್ಮ ರಾಜ್ಯದ ಪಾಲಿಗೆ ನರಸೀಪುರ, ಅದೂ ಬರೀ ನೂರು ಕೇಂದ್ರ. ಇಂದು ರಾಜ್ಯದಲ್ಲಿ ಅರವತ್ತೈದು ಸಾವಿರಕ್ಕೂ ಹೆಚ್ಚು. ಅಂಗನವಾಡಿಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್, ಬಾಲವಾಡಿಗೆ ಬಾರದ ಬಡವರ ಮಕ್ಕಳಿದ್ದ ಅಂಗಳಕ್ಕೇ ಪಾಠವನ್ನು ಕೊಂಡೊಯ್ದರು. ಅವರ ಜೊತೆ ದುಡಿದವರು ಅನುತಾಯಿ ವಾಘ್.

2025ಕ್ಕೆ ಯೋಜನೆಗೆ ಐವತ್ತು ತುಂಬಿತು. ಸುವರ್ಣ ಮಹೋತ್ಸವದ ಈ ಕಾಲದಲ್ಲಿ ಎಲ್ಲಿ ಕೇಳಿದರೂ ಸಹಭಾಗಿತ್ವದ ಮಾತು. ಕಂಪನಿಗಳು ಅಂಗನವಾಡಿಗಳನ್ನು ದತ್ತು ತೆಗೆದುಕೊಳ್ಳುತ್ತವೆ, ಗೋಡೆಗೆ ಆನೆ, ಜಿರಾಫೆ ಬರೆಸುತ್ತವೆ, ಮೂಲೆಯಲ್ಲಿ ತಮ್ಮ ಲಾಂಛನ ಹಾಕಿಸುತ್ತವೆ. ಬೇಡವೆನ್ನಲಾರೆ. ಸೋರುವ ಸೂರಿನ ಕೆಳಗೆ ಕೂತ ಮಗುವಿಗೆ ಹೆಂಚು ಯಾರು ಕೊಟ್ಟರೇನು? ಯುನಿಸೆಫ್ ಕೂಡ ಮೊದಲ ದಿನಗಳಿಂದ ಈ ಯೋಜನೆಯ ಜೊತೆಗಿದೆ. ಆದರೆ ಪಾಲುದಾರರ ಪಟ್ಟಿ ಓದುವಾಗ ಬಹುಮುಖ್ಯವಾದ ಇಬ್ಬರು ಬಿಟ್ಟುಹೋಗುತ್ತಾರೆ. ಒಬ್ಬರು ಮಕ್ಕಳು ಮಿಸ್ಸು ಎನ್ನುವ ಕಾರ್ಯಕರ್ತೆ, ಇನ್ನೊಬ್ಬರು ಆಯಾ ಎನ್ನುವ ಸಹಾಯಕಿ.

ತೂಕದ ದಿನ ಅಂಗನವಾಡಿಯ ಬಾಗಿಲಲ್ಲಿ ನಿಂತು ನೋಡಿ. ತೊಲೆಗೆ ತೂಗುಹಾಕಿದ ತಕ್ಕಡಿ, ಅದರ ಕೊಕ್ಕೆಗೆ ಚಡ್ಡಿಯಂಥ ಚೀಲ, ಚೀಲದೊಳಗೆ ಕಾಲು ಒದ್ದು ಅಳುವ ಕೂಸು. ಮುಳ್ಳು ಅತ್ತಿತ್ತ ಓಡುತ್ತದೆ. ಆಯಾ ಚಪ್ಪಾಳೆ ತಟ್ಟಿ, ಹಲ್ಲಿ ತೋರಿಸಿ, ಏನೋ ಹೇಳಿ ಅಳು ನಿಲ್ಲಿಸುತ್ತಾರೆ. ಮುಳ್ಳು ನಿಂತ ಅರೆಗಳಿಗೆಯಲ್ಲೇ ಮಿಸ್ಸು ಅಂಕಿ ಓದಿ ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕಿ ಇಡುತ್ತಾರೆ. ಹಸಿರು ಪಟ್ಟಿಯಲ್ಲಿ ಬಿದ್ದರೆ ಸರಿ, ಹಳದಿಯಾದರೆ ತಾಯಿಯನ್ನು ಕೂರಿಸಿ ಮಾತು, ಅದಕ್ಕೂ ಕೆಳಗಾದರೆ ಆಸ್ಪತ್ರೆ. ಇಷ್ಟಾದ ಮೇಲೆ ‘ಚಿಲಿಪಿಲಿ’ ಪುಸ್ತಕದ ಪ್ರಕಾರ ಹಾಡು, ಕತೆ, ಕಾಳು ಬೇರ್ಪಡಿಸುವ ಆಟ. ನಡುವೆ ಮೊಟ್ಟೆ ಸುಲಿಯಬೇಕು, ಗರ್ಭಿಣಿಯರಿಗೆ ಊಟ ಬಡಿಸಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಎಲ್ಲವನ್ನೂ ತುಂಬಬೇಕು. ನೆಟ್‌ವರ್ಕ್ ಸಿಗದಿದ್ದರೆ ಅದೂ ಅವರದೇ ತಲೆನೋವು.

ಈ ಕೆಲಸಕ್ಕೆ ಸಿಗುವುದು ಸಂಬಳವಲ್ಲ, ಗೌರವಧನ. 2018ರಲ್ಲಿ ಕೇಂದ್ರ ಸರ್ಕಾರ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ ನಿಗದಿ ಮಾಡಿತು. ಮೇಲಿನದನ್ನು ರಾಜ್ಯಗಳು ತಮ್ಮ ಕೈಯಿಂದ ಸೇರಿಸುತ್ತವೆ. ಗ್ರಾಚ್ಯುಟಿಗೆ ಇವರೂ ಅರ್ಹರು ಎನ್ನಿಸಿಕೊಳ್ಳಲು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪೇ ಬರಬೇಕಾಯಿತು. ಯೋಜನೆ ಶುರುವಾಗಿ ಆಗಲೇ 47ನೇ ವರ್ಷ.

ಐವತ್ತರ ನೆನಪಿಗೆ ಮೈಸೂರಿನಲ್ಲಿ ಒಂದು ಕೆಲಸ ಆಗಬಹುದು. ಆ ನೂರು ಕೇಂದ್ರಗಳಿಗೆ 1975ರಲ್ಲಿ ಇಪ್ಪತ್ತರ ಪ್ರಾಯದಲ್ಲಿ ಸೇರಿದವರಿಗೆ ಈಗ ಎಪ್ಪತ್ತು ದಾಟಿರುತ್ತದೆ. ಇಲಾಖೆಯ ಹಳೇ ಕಡತಗಳಲ್ಲಿ ಅವರ ಹೆಸರುಗಳನ್ನು ಹುಡುಕಿಸಬೇಕು. ಸಿಕ್ಕವರನ್ನು ಶಾಲು ಹೊದಿಸಿ ಕಳುಹಿಸದೆ, ಒಂದು ಮಧ್ಯಾಹ್ನ ಕೂರಿಸಿಕೊಂಡು, ಮೊದಲ ವರ್ಷ ಕೇಂದ್ರಕ್ಕೆ ಜಾಗ ಕೊಟ್ಟವರು ಯಾರು, ಯಾವ ಕೇರಿಯ ಮಕ್ಕಳನ್ನು ಕರೆತರುವುದು ಕಷ್ಟವಾಯಿತು, ಒಂದೇ ಸಾಲಿನಲ್ಲಿ ಕೂರಿಸಿ ಉಣಬಡಿಸಿದಾಗ ಊರು ಏನಂದಿತು ಎಂದು ಕೇಳಿ ಬರೆದಿಟ್ಟುಕೊಂಡು ಪುಸ್ತಕ ಮಾಡಬೇಕು. ಖರ್ಚು ಭರಿಸಲು ಯಾವುದಾದರೂ ಕಂಪನಿ ಮುಂದೆ ಬಂದರೆ, ಪುಸ್ತಕದ ಹಿಂಬದಿಯಲ್ಲಿ ಲಾಂಛನ ಹಾಕಲು ಜಾಗ ಧಾರಾಳವಾಗಿದೆ.